ಈಕ್ವಲ್ ಟು ಇಲ್ಲದ ಲೆಕ್ಕ

ಮನೆಯಲ್ಲಿ ನಾಮಕರಣ. ತುಮಕೂರಿನ ಅಂತರಸನಹಳ್ಳಿ ಮಾರ್ಕೆಟ್‌ನಲ್ಲಿ 12 ತೆಂಗಿನಕಾಯಿ ಆರಿಸಿದೆ. ಸಾಲದು ಅನಿಸಿ ಇನ್ನೂ 8 ತೆಗೆದೆ. ಒಂದಕ್ಕೆ 35 ರೂಪಾಯಿ. ಫೋನಿನಲ್ಲಿ 12 + 8 × 35 ಒತ್ತಿದರೆ 292 ಬಂತು. ಕಾಯಿ ಮಾರುವ ಅಜ್ಜಿ ನಕ್ಕರು. "ಹನ್ನೆರಡು, ಎಂಟು ಕೂಡ್ಸಪ್ಪ. ಮೂವತ್ತೈದರಿಂದ ಗುಣಿಸು. ಏಳುನೂರು."

ಬ್ರಾಕೆಟ್ ಮರೆತವನು ನಾನು, ಫೋನಿನದೇನೂ ತಪ್ಪಿಲ್ಲ. ಆದರೆ ಅಜ್ಜಿಗೆ ಬ್ರಾಕೆಟ್ಟೇ ಬೇಕಾಗಲಿಲ್ಲವಲ್ಲ! ಮೊದಲು ಅಂಕಿ, ಆಮೇಲೆ ಏನು ಮಾಡಬೇಕು ಅನ್ನೋದು. ಕನ್ನಡ ಇರುವುದೇ ಹಾಗೆ ಅಲ್ವಾ? ಕ್ರಿಯಾಪದ ಕೊನೆಗೆ.

ಈ ಪದ್ಧತಿಗೆ ಇರುವ ಹೆಸರು ಮಾತ್ರ ರಿವರ್ಸ್ ಪೋಲಿಷ್. ಪೋಲೆಂಡಿನ ತರ್ಕಪಂಡಿತ ಯಾನ್ ವುಕಾಶೆವಿಚ್ 1920ರ ದಶಕದಲ್ಲಿ ತರ್ಕದ ಚಿಹ್ನೆಗಳನ್ನು ಮೊದಲಿಗೇ ಬರೆದು ಬ್ರಾಕೆಟ್ ಕಾಟ ತಪ್ಪಿಸಿದರು. ಅದನ್ನೇ ತಿರುಗಿಸಿ, ಕೂಡು, ಕಳೆ ಚಿಹ್ನೆಗಳನ್ನು ಅಂಕಿಗಳಾದ ಮೇಲೆ ಹಾಕಿದರೆ ರಿವರ್ಸ್. ಅವರಿಗೆ ತಿರುಗುಮುರುಗು, ನಮಗೆ ನೆಟ್ಟಗೆ.

1972ರ ಎಚ್‌ಪಿ-35 ಜೇಬಿನ ಕ್ಯಾಲ್ಕ್ಯುಲೇಟರ್ ಹೀಗೇ ಲೆಕ್ಕ ಮಾಡುತ್ತಿತ್ತು. ಈಗ ಆ್ಯಪ್‌ಗಳಿವೆ. ರಿಯಲ್‌ಕ್ಯಾಲ್ಕ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಈ ಪದ್ಧತಿಗೆ ಬದಲಾಯಿಸಬೇಕು. ಫ್ರೀ42 ಅನ್ನೋದು ಹಳೆಯ ಎಚ್‌ಪಿ-42ಎಸ್‌ನ ಪಡಿಯಚ್ಚು, ದುಡ್ಡೂ ಇಲ್ಲ. ಕೀಲಿಗಳು ನನ್ನ ದಪ್ಪ ಬೆರಳಿಗೆ ಸಣ್ಣವು, ಆದರೂ ಅದನ್ನೇ ಇಟ್ಟುಕೊಂಡೆ. ಎಂಟರ್ ಕೀಲಿ ಮಾತ್ರ ದೊಡ್ಡದಾಗಿದೆ. ನನಗೆ ಅಷ್ಟು ಸಾಕು.

12, ಎಂಟರ್, 8, ಕೂಡು, 35, ಗುಣಿಸು. 700! ಕ್ಯಾತ್ಸಂದ್ರದ ಇಡ್ಲಿ ಹೋಟೆಲಿನಲ್ಲಿ ತಟ್ಟೆ ಪೇರಿಸಿಟ್ಟ ಹಾಗೆ ಅಂಕಿಗಳು ಒಂದರ ಮೇಲೊಂದು ಕೂರುತ್ತವೆ. ಕೊನೆಗೆ ಇಟ್ಟದ್ದು ಮೊದಲು ಕೈಗೆ. ಕೂಡು ಅಂದರೆ ಮೇಲಿನ ಎರಡನ್ನು ತೆಗೆದು, ಉತ್ತರವನ್ನು ಅಲ್ಲೇ ಇಡುತ್ತದೆ. ನಾಲ್ಕು ತಟ್ಟೆಗಷ್ಟೇ ಜಾಗ. ಐದನೆಯದು ಇಟ್ಟರೆ ತಳದ್ದು ಮಾಯ. ಹೋಟೆಲಿನಲ್ಲಿ ಹಾಗಾದರೆ ಗಲಾಟೆಯೇ ಆದೀತು.

ಇದರಿಂದ ಇನ್ನೊಂದು ಲಾಭ. ಮನೆಯಲ್ಲಿ ಯಾರೂ ಈಗ ಲೆಕ್ಕಕ್ಕೆ ನನ್ನ ಫೋನ್ ಕೇಳುವುದಿಲ್ಲ. ಹೆಂಡತಿ ಒಮ್ಮೆ ಹಾಲಿನ ಲೆಕ್ಕ ಹಾಕಲು ಹೋಗಿ, ಈಕ್ವಲ್ ಟು ಎಲ್ಲಿ ಅಂತ ಐದು ನಿಮಿಷ ಹುಡುಕಿ, "ನಿಮ್ಮ ಫೋನ್ ಕೆಟ್ಟಿದೆ ರೀ" ಅಂತ ವಾಪಸ್ ಕೊಟ್ಟಳು.

ಮುಂದಿನ ವಾರ ಮತ್ತೆ ಅಜ್ಜಿ ಹತ್ತಿರ ಹೋದೆ. 9 ಕಾಯಿ, ಮೇಲೆ 6. ದರ 38ಕ್ಕೆ ಏರಿತ್ತು. ಜಂಬದಿಂದ ಫೋನ್ ತೆಗೆದು 9 ಒತ್ತಿ ಎಂಟರ್ ಹುಡುಕುತ್ತಿದ್ದೆ.

"ಐನೂರ ಎಪ್ಪತ್ತು. ಫೋನ್ ಹೆಂಗೂ ಕೈಯಲ್ಲೇ ಐತಲ್ಲ, ಅಲ್ಲಿ ಸ್ಕ್ಯಾನ್ ಮಾಡಪ್ಪ."