12ನೇ ಬ್ಯಾರಕ್ಕಿಗೆ ಶುಕ್ರದೆಸೆ

ನಮ್ಮ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿಗೆ ಮತ್ತೆ ಶುಕ್ರದೆಸೆ. ಬ್ಯಾಂಕ್ ವಂಚನೆಯ ಆರೋಪ ಹೊತ್ತು ದೇಶ ಬಿಟ್ಟ ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿಯನ್ನು ಒಪ್ಪಿಸಿ ಎಂದು ಬೆಲ್ಜಿಯಂಗೆ ಬರೆದ ಪತ್ರದಲ್ಲಿ ಸರ್ಕಾರ ಮಾತು ಕೊಟ್ಟಿದೆ: ತಲಾ ಕನಿಷ್ಠ 3 ಚದರ ಮೀಟರ್ ಜಾಗ, ದಪ್ಪ ಹತ್ತಿ ಹಾಸಿಗೆ, ದಿಂಬು, ಹೊದಿಕೆ. 3 ಚದರ ಮೀಟರ್ ಅಂದರೆ 32 ಚದರಡಿ. ಮುಂಬೈನದೇ ಲಾಲ್‌ಬಾಗಿನ ಚಾಳಿನಲ್ಲಿ ಹತ್ತು ಬೈ ಹತ್ತರ ಖೋಲಿಯಲ್ಲಿ ಅತ್ತೆ, ಸೊಸೆ, ಮೂರು ಮಕ್ಕಳು, ಊರಿಂದ ಕೆಲಸ ಹುಡುಕಿಕೊಂಡು ಬಂದು ಇನ್ನೂ ಹುಡುಕುತ್ತಲೇ ಇರುವ ಭಾವಮೈದುನ, ಇಷ್ಟೂ ಜನ ಮಲಗುತ್ತಾರೆ. ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಚೋಕ್ಸಿಗೆ ಖೋಲಿ ಹಿಡಿಯಲು ಕೊಡುವ ಪಗಡಿ ಹಣ ಇಲ್ಲ, ಡೆಪಾಸಿಟ್ ಇಲ್ಲ, ಬ್ರೋಕರನ ಕಾಟವೂ ಇಲ್ಲ.

ಈ ಸುಧಾರಣೆಯ ಮೂಲಪುರುಷ ನಮ್ಮ ಕರ್ನಾಟಕದವರೇ ಅನ್ನೋದನ್ನು ಮರೀಬಾರದು. 2018ರಲ್ಲಿ ವಿಜಯ್ ಮಲ್ಯರ ಕಡೆಯವರು ಆ ಬ್ಯಾರಕ್ಕಿಗೆ ಬೆಳಕೇ ಬರೋಲ್ಲ ಎಂದು ಲಂಡನ್ ಕೋರ್ಟಿನಲ್ಲಿ ತಕರಾರು ತೆಗೆದರು. ನ್ಯಾಯಾಧೀಶೆ ವಿಡಿಯೊ ಕೇಳಿದರು. ಸರ್ಕಾರ ಮದುವೆಮನೆಯ ಉತ್ಸಾಹದಲ್ಲಿ ವಿಡಿಯೊ ತೆಗೆಸಿ ಕಳಿಸಿತು. ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋಗಿ ಬಂದ ಮಹಾನುಭಾವರು ಓಡಿಹೋದ ಮೇಲೆ ಮಾಡಿದ ಜನಸೇವೆ ಇದು. ಜೈಲು ಸುಧಾರಣೆಗೆಂದೇ ನೇಮಿಸಿದ್ದ ಮುಲ್ಲಾ ಸಮಿತಿ 1983ರಲ್ಲೇ ವರದಿ ಒಪ್ಪಿಸಿತ್ತು ಬಿಡಿ. ಪಾಪ, ಅವರ ಹತ್ತಿರ ವಿಮಾನ ಇರಲಿಲ್ಲ.

ಪುಣೆಯವರು ಇನ್ನೂ ಮುಂದೆ. 2021ರ ಗಣರಾಜ್ಯೋತ್ಸವದಂದು ಯೆರವಡಾದಲ್ಲಿ ಜೈಲು ಪ್ರವಾಸೋದ್ಯಮ ಶುರುವಾಯಿತು. ಗಾಂಧೀಜಿ 1932ರಲ್ಲಿ ಉಪವಾಸ ಕೂತ ಜಾಗ, ಆ ಮಾವಿನ ಮರ, ಎಲ್ಲ ತೋರಿಸೋ ಏರ್ಪಾಡು. ಆಗಿನ ಟಿಕೆಟ್ಟು ಶಾಲೆಯ ಮಕ್ಕಳಿಗೆ 5 ರೂಪಾಯಿ, ಕಾಲೇಜಿನವರಿಗೆ 10, ಉಳಿದವರಿಗೆ 50. ಇದನ್ನು ಘೋಷಿಸಿದ ಮಹಾರಾಷ್ಟ್ರದ ಆಗಿನ ಗೃಹಮಂತ್ರಿ ಅನಿಲ್ ದೇಶಮುಖ್ ಅದೇ ನವೆಂಬರಿನಲ್ಲಿ ಬಂಧನಕ್ಕೊಳಗಾಗಿ ಆರ್ಥರ್ ರೋಡಿಗೆ ಬಂದರು. ಹೊರಬಂದದ್ದು 2022ರ ಡಿಸೆಂಬರಿನಲ್ಲಿ. ಇಲಾಖೆಯ ಯೋಜನೆಯನ್ನು ಇಷ್ಟು ಶ್ರದ್ಧೆಯಿಂದ ಪರಿಶೀಲಿಸಿದ ಮಂತ್ರಿ ಇನ್ನೊಬ್ಬರಿಲ್ಲ. ಟಿಕೆಟ್ಟಿಗೂ ಕಾಸು ಖರ್ಚಿಲ್ಲ.

ಈಗ ಉಳಿದವರ ಸುದ್ದಿ. ಅದೇ ಆರ್ಥರ್ ರೋಡ್, 804 ಜನರಿಗೆಂದು ಲೆಕ್ಕ ಹಾಕಿದ್ದ ಜೈಲು, ಮೂರು ಸಾವಿರ ದಾಟಿಸಿ ತುಂಬಿಸಿದ್ದಾರೆ. ದೇಶದ ಕೈದಿಗಳಲ್ಲಿ ಮುಕ್ಕಾಲು ಪಾಲು ವಿಚಾರಣಾಧೀನರು, ಅಂದರೆ ತಪ್ಪು ಮಾಡಿದ್ದಾರೆಂದು ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಭಾಯಖಳಾದ ಹೆಂಗಸರ ಜೈಲಿನಲ್ಲಿ 2017ರಲ್ಲಿ ಎರಡು ಮೊಟ್ಟೆ, ಐದು ಪಾವ್ ಲೆಕ್ಕ ತಪ್ಪಿತೆಂದು ಶುರುವಾದ ಜಗಳದಲ್ಲಿ ಹೊಡೆತ ತಿಂದು ಒಬ್ಬ ಕೈದಿ ಸತ್ತಳು. ಆ ಮೊಟ್ಟೆಗೆ ಯಾವ ದೇಶಕ್ಕೂ ಪತ್ರ ಬರೆಯಬೇಕಾಗಿರಲಿಲ್ಲ.

ಪಾದ್ರಿ ಸ್ಟ್ಯಾನ್ ಸ್ವಾಮಿ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಮಾಡೋಕೆ ಬರೋಲ್ಲ. ಹತ್ತು ವರ್ಷಕ್ಕೂ ಹೆಚ್ಚು ಬೆಂಗಳೂರಿನಲ್ಲಿ ಸಂಸ್ಥೆ ನಡೆಸಿದವರು. ಜಾರ್ಖಂಡಿನಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಪರವಾಗಿ ಹೈಕೋರ್ಟಿಗೆ ಹೋದವರು. ಕೊನೆಗೆ ತಾವೇ ತಳೋಜಾ ಜೈಲು ಸೇರಿದರು. ಎಂಬತ್ತು ದಾಟಿದ ಮುದುಕ, ಪಾರ್ಕಿನ್ಸನ್‌ನಿಂದ ಕೈ ನಡುಗಿ ಲೋಟ ಎತ್ತಲಾಗುತ್ತಿರಲಿಲ್ಲ. ನೀರು ಕುಡಿಯಲು ಸಿಪ್ಪರ್, ಸ್ಟ್ರಾ ಕೇಳಿದರು. ಉತ್ತರ ಕೊಡಲು ಅವರ ಕೇಸಿನ ತನಿಖೆ ನಡೆಸುತ್ತಿದ್ದ ಎನ್‌ಐಎ 20 ದಿನ ಕೇಳಿತು. ಸ್ಟ್ರಾಗೆ! ಥೂ. 2021ರ ಜುಲೈ 5ರಂದು ಸತ್ತಾಗಲೂ ಅವರು ವಿಚಾರಣಾಧೀನರೇ.

ಸಾತ್ ರಸ್ತಾದಲ್ಲಿ ಜೈಲಿನ ಹೊರಗೆ ಮುಲಾಕಾತಿಗೆ ಕಾಯುವ ತಾಯಂದಿರನ್ನು ನೋಡಿ. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಮಗನ ಕೇಸಿನ ಕಾಗದ, ಆಧಾರ್ ಝೆರಾಕ್ಸು, ಅಂಚು ಹರಿದ ವಕೀಲರ ಕಾರ್ಡು. ಜಾಮೀನು ಸಿಕ್ಕಿದೆ, ಕಟ್ಟೋಕೆ ದುಡ್ಡಿಲ್ಲ. ಅಮ್ಮಾ, ಜಾಮೀನಿನ ಹಿಂದೆ ಬಿದ್ದು ಸುಸ್ತಾಗಬೇಡಿ. ಹೇಗಾದರೂ ಮಾಡಿ ಅವನನ್ನು ಒಮ್ಮೆ ಬೆಲ್ಜಿಯಂಗೆ ಕಳಿಸಿ. ದಿಂಬು ಸರ್ಕಾರದವರೇ ಕೊಡುತ್ತಾರೆ.