ಇನ್‌ಸ್ಟಿಟ್ಯೂಷನಲ್ ಎಕನಾಮಿಕ್ಸ್ ಓದೋದಾದ್ರೆ ಅದರ ಜಗಳಗಳನ್ನೂ ಓದಿ

ಇನ್‌ಸ್ಟಿಟ್ಯೂಷನಲ್ ಎಕನಾಮಿಕ್ಸ್‌ನಲ್ಲಿ (ನಿಯಮ, ರೂಢಿಗಳು ಆರ್ಥಿಕ ಬದುಕನ್ನು ಹೇಗೆ ನಡೆಸುತ್ತವೆ ಅನ್ನೋ ಅರ್ಥಶಾಸ್ತ್ರದ ಶಾಖೆ) ಮಾಸ್ಟರ್ಸ್ ಮಾಡಬೇಕು ಅಂದುಕೊಂಡವರು ಮೆಸೇಜ್ ಮಾಡಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅದರಲ್ಲಿ ಗಣಿತ ಕಮ್ಮಿ ಅಂತೆ, ಹೌದಾ?"

ಇಲ್ಲ. ಗಣಿತಕ್ಕೆ ಹೆದರಿ ಈ ಕಡೆ ಬರಬೇಡಿ. ಗೇಮ್ ಥಿಯರಿ (ಒಬ್ಬರ ನಡೆ ಇನ್ನೊಬ್ಬರ ನಡೆ ನೋಡಿ ಬದಲಾಗುವಾಗಿನ ಲೆಕ್ಕ) ಇದೆ. ಕಾಂಟ್ರಾಕ್ಟ್ ಥಿಯರಿ (ಒಪ್ಪಂದಗಳ ಲೆಕ್ಕ) ಇದೆ, 2016ರಲ್ಲಿ ಆಲಿವರ್ ಹಾರ್ಟ್ ಮತ್ತು ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ ಅವರಿಗೆ ನೊಬೆಲ್ ಬಂದಿದ್ದು ಅದಕ್ಕೇ. ಡೇಟಾ ಹಿಡಿದು ಅಳೆಯುವ ಎಕನೊಮೆಟ್ರಿಕ್ಸ್ ಅಂತೂ ಬೇರೆಯವರು ಓದುವಷ್ಟೇ ಓದಬೇಕು. ಎಲಿನೋರ್ ಆಸ್ಟ್ರಮ್ ಹೆಸರು ಹೇಳಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಗಣಿತ ಸಾಕಷ್ಟು ಓದಿಲ್ಲ ಅಂತ ಆಕೆಗೆ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಸೀಟು ಸಿಗಲಿಲ್ಲ, ರಾಜ್ಯಶಾಸ್ತ್ರಕ್ಕೆ ಹೋದರು, ಕೊನೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆದರು. ಎಲ್ಲ ನಿಜ. ಆದರೆ ಅದೇ ಆಸ್ಟ್ರಮ್ ಆಮೇಲೆ ಸಹೋದ್ಯೋಗಿಗಳ ಜೊತೆ ಕೂತು ಗೇಮ್ ಥಿಯರಿ ಮಾಡೆಲ್ ಕಟ್ಟಿ, ಲ್ಯಾಬ್‌ನಲ್ಲಿ ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು ಅನ್ನೋದನ್ನು ಯಾರೂ ಹೇಳೋದಿಲ್ಲ.

ಗಣಿತದ ಮಾತು ಅಲ್ಲಿಗೆ ಬಿಡೋಣ. ನನ್ನ ತಕರಾರು ಬೇರೆ. ನಿಯಮ, ಒಪ್ಪಂದ, ಆಸ್ತಿ ಹಕ್ಕು, ರೂಢಿ, ಇವೆಲ್ಲ ಸೇರಿ ಜನರ ದುಡಿಮೆಯನ್ನೂ ವ್ಯಾಪಾರವನ್ನೂ ಹೇಗೆ ನಡೆಸುತ್ತವೆ ಅನ್ನೋ ಇಷ್ಟು ಜೀವಂತ ವಿಷಯವನ್ನು ಎಷ್ಟೋ ಕಡೆ ಸ್ತೋತ್ರದ ಥರ ಕಲಿಸುತ್ತಾರೆ. ಮೊದಲ ವಾರ ರೊನಾಲ್ಡ್ ಕೋಸ್, 1937, ಕಂಪನಿಗಳು ಯಾಕೆ ಇವೆ. ಎರಡನೇ ವಾರ ಮತ್ತೆ ಕೋಸ್, 1960, ಹಕ್ಕು ಮತ್ತು ಚೌಕಾಸಿ. ಆಮೇಲೆ ವಿಲಿಯಮ್ಸನ್, ಆಮೇಲೆ ಡಗ್ಲಸ್ ನಾರ್ತ್, ಕೊನೆಗೆ ಅಸಿಮೋಗ್ಲು. ವಾರಕ್ಕೊಂದು ದೊಡ್ಡ ಹೆಸರು, ಹೆಸರಿಗೊಂದು ನೊಬೆಲ್. ಸೆಮಿಸ್ಟರ್ ಮುಗಿಯುವಾಗ ಹುಡುಗರಿಗೆ "ಇನ್‌ಸ್ಟಿಟ್ಯೂಷನ್‌ಗಳು ಮುಖ್ಯ" ಅಂತ ಹತ್ತು ರೀತಿ ಹೇಳೋಕೆ ಬರುತ್ತದೆ. ಯಾವ ನಿಯಮ? ಅದನ್ನು ಮುರಿದರೆ ಯಾರು ಹಿಡಿಯುತ್ತಾರೆ? ಹಿಡಿಯುವ ಖರ್ಚು ಯಾರದು? ಇಷ್ಟು ಕೇಳಿ ನೋಡಿ, ಕ್ಲಾಸ್ ಗಪ್‌ಚುಪ್.

ನನ್ನ ಮಾತು ಇಷ್ಟೇ. ಈ ವಿಷಯದ ದೊಡ್ಡ ದೊಡ್ಡ ಕಥೆಗಳಲ್ಲಿ ಬಹಳಷ್ಟಕ್ಕೆ ಎದುರಾಳಿ ಪೇಪರ್ ಒಂದಿದೆ. ಮೂಲವನ್ನೂ ಎದುರಾಳಿಯನ್ನೂ ಒಂದೇ ವಾರ, ಅಕ್ಕಪಕ್ಕ ಇಟ್ಟು ಓದಬೇಕು. ಸಿಲಬಸ್‌ನಲ್ಲಿ ಇಲ್ಲದಿದ್ದರೆ ನೀವೇ ಹುಡುಕಿ ಓದಬೇಕು.

ಲೈಟ್‌ಹೌಸ್ ಕಥೆ ತಗೊಳ್ಳಿ. ಸಮುದ್ರದಲ್ಲಿ ಹೋಗುವ ಹಡಗಿಗೆಲ್ಲ ಬೆಳಕು ಕಾಣುತ್ತದೆ, ದುಡ್ಡು ಕೊಡದವನಿಗೆ ಬೆಳಕು ಕಾಣದ ಹಾಗೆ ಮಾಡೋಕಾಗಲ್ಲ, ಹಾಗಾಗಿ ಇದು ಸರ್ಕಾರವೇ ಮಾಡಬೇಕಾದ ಕೆಲಸ. ಜಾನ್ ಸ್ಟುವರ್ಟ್ ಮಿಲ್‌ನಿಂದ ಸ್ಯಾಮ್ಯುಯೆಲ್‌ಸನ್‌ವರೆಗೆ ಅರ್ಥಶಾಸ್ತ್ರಜ್ಞರು ಇದನ್ನೇ ಉದಾಹರಣೆ ಕೊಡುತ್ತಾ ಬಂದರು. ಯಾರೂ ಒಂದು ಲೈಟ್‌ಹೌಸ್‌ನ ಲೆಕ್ಕಪತ್ರ ತೆಗೆದು ನೋಡಿರಲಿಲ್ಲ. 1974ರಲ್ಲಿ ಕೋಸ್ ನೋಡಿದರು. ಇಂಗ್ಲೆಂಡ್‌ನಲ್ಲಿ ಖಾಸಗಿಯವರು ಲೈಟ್‌ಹೌಸ್ ಕಟ್ಟಿ ನಡೆಸಿದ್ದರು, ಅದರಿಂದ ಲಾಭವನ್ನೂ ಮಾಡಿದ್ದರು. ಹಡಗು ಬಂದರಿಗೆ ಬಂದಾಗ ಶುಲ್ಕ ವಸೂಲಿ. 1820ರಲ್ಲಿ ಅಲ್ಲಿ ಇದ್ದ 46 ಲೈಟ್‌ಹೌಸ್‌ಗಳಲ್ಲಿ 22 ಖಾಸಗಿಯವರ ಕೈಯಲ್ಲಿದ್ದವು. ಉಳಿದವನ್ನು ನಡೆಸುತ್ತಿದ್ದದ್ದು ಟ್ರಿನಿಟಿ ಹೌಸ್ ಅನ್ನೋ ಲೈಟ್‌ಹೌಸ್ ಉಸ್ತುವಾರಿ ಸಂಸ್ಥೆ.

ಇಲ್ಲಿಗೆ ನಿಲ್ಲಿಸಿದರೆ ನೀವು ಖುಷಿಯಾಗಿ "ನೋಡಿ, ಸರ್ಕಾರ ಬೇಡವೇ ಬೇಡ" ಅಂತ ಪೋಸ್ಟ್ ಹಾಕಬಹುದು. ಎಷ್ಟೋ ಜನ ಹಾಕಿದ್ದಾರೆ ಕೂಡ. ಆದರೆ 1993ರಲ್ಲಿ ಡೇವಿಡ್ ವ್ಯಾನ್ ಜಾಂಟ್ ಅದೇ ಚರಿತ್ರೆಯನ್ನು ಮತ್ತೆ ಕೆದಕಿದರು. ಆ ಖಾಸಗಿಯವರಿಗೆ ವಸೂಲಿಯ ಹಕ್ಕು ಕೊಟ್ಟಿದ್ದು ರಾಜ. ದರಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಬಂದರಿನಲ್ಲಿ ದುಡ್ಡು ವಸೂಲಿ ಆಗುತ್ತಿದ್ದದ್ದು ಸುಂಕದ ಅಧಿಕಾರಿಗಳ ಮೂಲಕ. ಶುಲ್ಕ ಕಟ್ಟದೆ ಹಡಗು ಬಂದರು ಬಿಡೋದು ಕಷ್ಟ. ಹಾಗಾದ್ರೆ ಇದನ್ನು ಖಾಸಗಿ ಅನ್ನಬೇಕಾ, ಸರ್ಕಾರಿ ಅನ್ನಬೇಕಾ? ಕೋಸ್ ಕೂಡ ಸರ್ಕಾರದ ಪಾತ್ರವನ್ನು ಮುಚ್ಚಿಟ್ಟಿರಲಿಲ್ಲ, ಅದು ಹಕ್ಕು ಕೊಡೋದಕ್ಕೂ ಕಾಪಾಡೋದಕ್ಕೂ ಸೀಮಿತ ಅಂದಿದ್ದರು. ಆ "ಸೀಮಿತ" ಎಷ್ಟು ದೊಡ್ಡದು ಅನ್ನೋದೇ ಜಗಳ. ಎರಡನ್ನೂ ಓದಿದ ಮೇಲೆ ನಿಮಗೆ ಮಾರುಕಟ್ಟೆ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಅಂತ ಗೆರೆ ಎಳೆಯೋದು ಅಷ್ಟು ಸುಲಭ ಅಲ್ಲ ಅಂತ ಅನ್ನಿಸಿಯೇ ಅನ್ನಿಸುತ್ತದೆ. ಒಂದನ್ನೇ ಓದಿದವರಿಗೆ ಅನ್ನಿಸಲ್ಲ.

(ಕೋಸ್ ಬಗ್ಗೆ ಇನ್ನೊಂದು ಮಾತು. 'ಕೋಸ್ ಥಿಯರಮ್' ಅನ್ನೋ ಹೆಸರು ಅವರು ಇಟ್ಟಿದ್ದಲ್ಲ, ಜಾರ್ಜ್ ಸ್ಟಿಗ್ಲರ್ ಇಟ್ಟಿದ್ದು. ವ್ಯವಹಾರದ ಖರ್ಚು (ಮಾತುಕತೆ, ಒಪ್ಪಂದ, ಅದನ್ನು ಜಾರಿ ಮಾಡಿಸೋದು, ಇವುಗಳ ಖರ್ಚು) ಸೊನ್ನೆ ಆಗಿದ್ದರೆ ಹಕ್ಕು ಯಾರಿಗೆ ಕೊಟ್ಟರೂ ಕೊನೆಗೆ ಚೌಕಾಸಿ ಮಾಡಿಕೊಂಡು ಒಳ್ಳೆಯ ಫಲಕ್ಕೇ ಬರುತ್ತಾರೆ ಅನ್ನೋದು ಅದರ ಸಾರ. ಕೋಸ್‌ಗೆ ಬೇಕಿದ್ದದ್ದು ಆ ಖರ್ಚು ಸೊನ್ನೆ ಆಗಿರದ ನಮ್ಮ ಈ ಲೋಕ. ಪರೀಕ್ಷೆಯಲ್ಲಿ ಥಿಯರಮ್ ಬರೆದು ಪೂರ್ತಿ ಮಾರ್ಕ್ಸ್ ತಗೊಂಡವರು ಇದನ್ನು ಗಮನಿಸದೇ ಪಾಸಾಗಿಬಿಡುತ್ತಾರೆ.)

ಎರಡನೇ ಜಗಳ ಜನರಲ್ ಮೋಟಾರ್ಸ್ (ಜಿಎಂ) ಮತ್ತು ಫಿಶರ್ ಬಾಡಿಯದು. ಕಾರಿನ ಬಾಡಿ ಮಾಡಿಕೊಡುವ ಕಂಪನಿ ಒಪ್ಪಂದದ ಲೋಪ ಬಳಸಿಕೊಂಡು ಜಿಎಂ ಅನ್ನು ಇಕ್ಕಟ್ಟಿಗೆ ಸಿಕ್ಕಿಸಿತು, ಜಿಎಂ ಪ್ಲಾಂಟ್ ಪಕ್ಕ ಕಾರ್ಖಾನೆ ಕಟ್ಟಲು ಒಪ್ಪಲಿಲ್ಲ, ಅದಕ್ಕೇ 1926ರಲ್ಲಿ ಜಿಎಂ ಅದನ್ನು ಪೂರ್ತಿ ಕೊಂಡುಕೊಂಡಿತು. 1978ರ ಒಂದು ಪೇಪರ್‌ನಿಂದ ಈ ಕಥೆ ಪಠ್ಯಪುಸ್ತಕಗಳಿಗೆಲ್ಲ ಹಬ್ಬಿತು. 2000ದಲ್ಲಿ, ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ಕೋಸ್ ದಾಖಲೆ ಹುಡುಕಿ ಬರೆದರು: ಅಂಥ ಇಕ್ಕಟ್ಟಿಗೆ ಪುರಾವೆ ಇಲ್ಲ, ಕಾರ್ಖಾನೆಗಳು ಜಿಎಂ ಪ್ಲಾಂಟ್‌ಗಳ ಹತ್ತಿರವೇ ಇದ್ದವು, 1919ರಿಂದಲೇ ಶೇ. 60 ಪಾಲು ಜಿಎಂ ಕೈಯಲ್ಲಿತ್ತು. ಅದೇ ಸಂಚಿಕೆಯಲ್ಲಿ ಬೇರೆಯವರೂ ಇದನ್ನೇ ಹೇಳಿದರು. ಮೂಲ ಪೇಪರ್‌ನ ಲೇಖಕರಲ್ಲಿ ಒಬ್ಬರಾದ ಬೆಂಜಮಿನ್ ಕ್ಲೈನ್ ಸುಮ್ಮನಿರಲಿಲ್ಲ, ಮತ್ತೆ ಮತ್ತೆ ಉತ್ತರ ಕೊಟ್ಟರು. ಇಂಥ ಇಕ್ಕಟ್ಟು ತಪ್ಪಿಸೋಕೇ ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಳ್ಳುತ್ತದೆ ಅನ್ನೋ ಥಿಯರಿ ಬಿದ್ದುಹೋಯಿತಾ? ಇಲ್ಲ. ಆದರೆ ಥಿಯರಿಯ ಮೊದಲ ಉದಾಹರಣೆಯೇ ಇಷ್ಟು ಅಲುಗಾಡುತ್ತಿದ್ದರೆ ಅದನ್ನು ವಿದ್ಯಾರ್ಥಿಗೆ ಹೇಳಬೇಡವಾ?

ಈಗ ಎಲ್ಲರಿಗೂ ಗೊತ್ತಿರುವ ಪೇಪರ್‌ಗೆ ಬರೋಣ. 2001ರಲ್ಲಿ ಅಸಿಮೋಗ್ಲು, ಜಾನ್ಸನ್, ರಾಬಿನ್ಸನ್ ಬರೆದದ್ದು. ಯುರೋಪಿನವರು ಹೋದ ಕಡೆ ರೋಗದಿಂದ ಜಾಸ್ತಿ ಸಾಯುತ್ತಿದ್ದರೆ ಅಲ್ಲಿ ನೆಲೆಸಲಿಲ್ಲ, ದೋಚುವ ವ್ಯವಸ್ಥೆ ಮಾತ್ರ ಕಟ್ಟಿದರು. ಬದುಕಿ ಉಳಿಯಲು ಸಾಧ್ಯವಿದ್ದ ಕಡೆ ನೆಲೆಸಿ ಆಸ್ತಿ ಹಕ್ಕು ಕಾಪಾಡುವ ವ್ಯವಸ್ಥೆ ಕಟ್ಟಿಕೊಂಡರು. ಆ ವ್ಯವಸ್ಥೆಗಳು ಉಳಿದುಕೊಂಡವು. ಹಾಗಾಗಿ ಅಂದಿನ ಸಾವಿನ ಪ್ರಮಾಣವನ್ನು ಹಿಡಿದು ಇಂದಿನ ವ್ಯವಸ್ಥೆ ಆದಾಯದ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಅಂತ ಅಳೆಯಬಹುದು. ಎಂಥಾ ಚುರುಕು ಐಡಿಯಾ! ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು. ಮೂವರಿಗೂ 2024ರಲ್ಲಿ ನೊಬೆಲ್ ಬಂತು.

ಆದರೆ 2012ರಲ್ಲಿ, ಅದೇ ಜರ್ನಲ್‌ನಲ್ಲಿ, ಡೇವಿಡ್ ಆಲ್ಬೂಯಿ ಆ ಡೇಟಾ ಬಿಚ್ಚಿ ನೋಡಿದರು. ಒಟ್ಟು 64 ದೇಶಗಳಲ್ಲಿ ತಮ್ಮದೇ ನೆಲದ ಸಾವಿನ ಲೆಕ್ಕ ಇರುವುದು 28ಕ್ಕೆ ಮಾತ್ರ. ಉಳಿದ 36ಕ್ಕೆ ಬೇರೆ ದೇಶದ ಸಂಖ್ಯೆಯನ್ನು, ಇಲ್ಲಿಯ ರೋಗರುಜಿನವೂ ಹೀಗೇ ಇದ್ದಿರಬೇಕು ಅನ್ನೋ ಊಹೆಯ ಮೇಲೆ, ತಂದು ಹಾಕಿದ್ದರು. ಕೆಲವು ಕಡೆ ದಂಡಯಾತ್ರೆಯಲ್ಲಿದ್ದ ಸೈನಿಕರ ಸಾವನ್ನೂ ಬ್ಯಾರಕ್‌ನಲ್ಲಿದ್ದ ಸೈನಿಕರ ಸಾವನ್ನೂ ಬೆರೆಸಿದ್ದರು. ಇವನ್ನು ಸರಿಮಾಡಿ ನೋಡಿದರೆ ಫಲಿತಾಂಶ ಬಹಳ ಸಡಿಲ ಆಗುತ್ತದೆ ಅಂತ ಅವರ ವಾದ. ಮೂವರೂ ಅದೇ ಸಂಚಿಕೆಯಲ್ಲಿ ಉತ್ತರ ಕೊಟ್ಟರು, ನಮ್ಮ ಫಲಿತಾಂಶ ಗಟ್ಟಿಯಾಗೇ ಇದೆ ಅಂದರು. ಮಾಸ್ಟರ್ಸ್ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಎಕನೊಮೆಟ್ರಿಕ್ಸ್ ಪಾಠ ನನಗೆ ಗೊತ್ತಿಲ್ಲ. ಸೂತ್ರ ಎಲ್ಲರೂ ಕಲಿಸುತ್ತಾರೆ. ಟೇಬಲ್‌ನ ಒಂದು ಅಂಕಿ ಎಲ್ಲಿಂದ ಬಂತು, ಅದನ್ನು ಯಾರು ಬರೆದಿಟ್ಟರು, ಯಾಕೆ ಬರೆದಿಟ್ಟರು ಅಂತ ಹಿಂದಕ್ಕೆ ಹೋಗೋದನ್ನು ಈ ಜಗಳ ಕಲಿಸುತ್ತದೆ.

ಇದರ ಪಕ್ಕದಲ್ಲೇ ಮೆಲಿಸ್ಸಾ ಡೆಲ್ ಅವರ 2010ರ ಪೇಪರ್ ಇಟ್ಟು ಓದಿ. ಪೆರು ಮತ್ತು ಬೊಲಿವಿಯಾದಲ್ಲಿ 1573ರಿಂದ 1812ರವರೆಗೆ 'ಮಿತಾ' ಅನ್ನೋ ಬಲವಂತದ ದುಡಿಮೆ ಪದ್ಧತಿ ಇತ್ತು. ಈ ಪದ್ಧತಿಗೆ ಗೊತ್ತುಮಾಡಿದ ಗಡಿಯೊಳಗಿನ ಊರುಗಳು ತಮ್ಮ ವಯಸ್ಕ ಗಂಡಸರಲ್ಲಿ ಏಳನೇ ಒಂದು ಪಾಲನ್ನು ಪೊಟೊಸಿಯ ಬೆಳ್ಳಿ ಗಣಿಗೆ, ವಾಂಕವೆಲಿಕಾದ ಪಾದರಸದ ಗಣಿಗೆ ಕಳಿಸಬೇಕಿತ್ತು. ಆ ಗಡಿಯ ಒಳಗೆ ಮತ್ತು ಹೊರಗೆ ಇರುವ ಊರುಗಳನ್ನು ಹೋಲಿಸಿದರೆ, ಪದ್ಧತಿ ಮುಗಿದು ಎರಡು ಶತಮಾನ ಆಗುತ್ತಾ ಬಂದಿದ್ದರೂ, ಒಳಗಿನ ಮನೆಗಳ ಖರ್ಚುವೆಚ್ಚ ಸುಮಾರು ಶೇ. 25 ಕಮ್ಮಿ. ಇಲ್ಲಿಯವರೆಗೆ ದೋಚುವ ವ್ಯವಸ್ಥೆಯ ಕಥೆಯೇ. ಮಜಾ ಇರೋದು ಕಾರಣದಲ್ಲಿ. ಗಡಿಯ ಹೊರಗೆ ದೊಡ್ಡ ಜಮೀನ್ದಾರರು ಬೆಳೆದರು, ಒಳಗೆ ಗಣಿಗೆ ಆಳು ಕಮ್ಮಿ ಆಗಬಾರದು ಅಂತ ಅವರನ್ನು ಬೆಳೆಯಲು ಬಿಡಲಿಲ್ಲ. ಆ ಜಮೀನ್ದಾರರಿಗೆ ಗಟ್ಟಿ ಹಕ್ಕುಪತ್ರ ಇತ್ತು, ಸರ್ಕಾರದ ಹತ್ತಿರ ಮಾತು ನಡೆಯುತ್ತಿತ್ತು, ತಮ್ಮ ಕಡೆ ರಸ್ತೆ ಮಾಡಿಸಿಕೊಂಡರು. ಆ ರಸ್ತೆಯಿಂದ ಸುತ್ತಲಿನವರಿಗೂ ಮಾರುಕಟ್ಟೆ ಸಿಕ್ಕಿತು. ಅಂದರೆ ಪಠ್ಯದಲ್ಲಿ 'ಕೆಟ್ಟ ವ್ಯವಸ್ಥೆ' ಅಂತ ಹಣೆಪಟ್ಟಿ ಹಚ್ಚಿರುವ ಜಮೀನ್ದಾರಿಕೆ ಇಲ್ಲಿ ಅದಕ್ಕಿಂತ ಕೆಟ್ಟದ್ದರ ಎದುರು ವಾಸಿ ಅನ್ನಿಸಿಕೊಂಡಿತು. ಒಳ್ಳೆಯದು, ಕೆಟ್ಟದ್ದು ಅಂತ ಎರಡು ಡಬ್ಬಿ ಇಟ್ಟುಕೊಂಡು ಕೂತವರಿಗೆ ಇದು ಯಾವ ಡಬ್ಬಿಯಲ್ಲೂ ಕೂರೋದಿಲ್ಲ.

ಹಳೆಯ ಇನ್‌ಸ್ಟಿಟ್ಯೂಷನಲಿಸ್ಟ್‌ಗಳು, ಅಂದರೆ ಇಪ್ಪತ್ತನೇ ಶತಮಾನದ ಮೊದಲ ಭಾಗದ ಅಮೆರಿಕದ ವೆಬ್ಲೆನ್, ಕಾಮನ್ಸ್, ಮಿಚೆಲ್, ಇವರನ್ನು ಬಹಳ ಕಡೆ ಅರ್ಧ ಕ್ಲಾಸ್‌ನಲ್ಲಿ ಮುಗಿಸುತ್ತಾರೆ. ಅವರು ರಾಶಿ ಹಾಕಿದ ವಿವರ ಒಂದು ಥಿಯರಿಗೋ ಇಲ್ಲ ಬೆಂಕಿಗೋ ಕಾಯುತ್ತಿತ್ತು ಅಂತ ಕೋಸ್ ಅವರೇ ಗೇಲಿ ಮಾಡಿದ್ದಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ಕಾಮನ್ಸ್ ವಿಸ್ಕಾನ್ಸಿನ್‌ನಲ್ಲಿ ಕಾರ್ಮಿಕ ಕಾನೂನುಗಳನ್ನು ರೂಪಿಸಲು ಕೈ ಹಚ್ಚಿದವರು. ನಿಯಮ ಕಾಗದದಲ್ಲಿ ಹೇಗಿರುತ್ತದೆ, ಕೋರ್ಟಿನಲ್ಲಿ ಹೇಗಾಗುತ್ತದೆ ಅನ್ನೋದು ಅವರಿಗೆ ಪುಸ್ತಕದಿಂದ ಮಾತ್ರ ಗೊತ್ತಿದ್ದದ್ದಲ್ಲ. ವೆಬ್ಲೆನ್ ಓದೋಕೆ ಕಷ್ಟ, ಒಪ್ಪುತ್ತೇನೆ. ಕಾಮನ್ಸ್ ಇನ್ನೂ ಕಷ್ಟ.

ಥೀಸಿಸ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಜಾಸ್ತಿ ಜನ ಎಡವೋದು ಅಲ್ಲೇ. ನೂರೈವತ್ತು ದೇಶಗಳ 'ಆಡಳಿತ ಗುಣಮಟ್ಟ' ಸೂಚ್ಯಂಕ ಡೌನ್‌ಲೋಡ್ ಮಾಡಿ, ಜಿಡಿಪಿ ಜೊತೆ ರಿಗ್ರೆಷನ್ ಓಡಿಸಿ, ನಕ್ಷತ್ರ (ಸಂಬಂಧ ಬರೀ ಆಕಸ್ಮಿಕ ಅಲ್ಲದಿರಬಹುದು ಅನ್ನೋ ಗುರುತು) ಬಂದ ಕಡೆ ಖುಷಿಪಟ್ಟು ಎಂಬತ್ತು ಪುಟ ಬರೆಯುವ ಥೀಸಿಸ್ ದಯವಿಟ್ಟು ಬೇಡ. ಆ ಸೂಚ್ಯಂಕಗಳಲ್ಲಿ ಹೆಚ್ಚಿನವು ಜನರ, ತಜ್ಞರ, ಕಂಪನಿಗಳ ಅಭಿಪ್ರಾಯ ಕೂಡಿಸಿ ಮಾಡಿದವು. ಶ್ರೀಮಂತ ಆದ ದೇಶಕ್ಕೆ ಆಮೇಲೆ ಒಳ್ಳೆಯ ಅಂಕ ಸಿಗುವುದೂ ಇದೆ. 2004ರಲ್ಲಿ ಗ್ಲೇಸರ್ ಮತ್ತು ಜೊತೆಗಾರರು ಕೇಳಿದ್ದು ಇಂಥದ್ದೇ ಪ್ರಶ್ನೆ: ನೀವು ಅಳೆಯುತ್ತಿರೋದು ನಿಯಮಗಳನ್ನೋ ಅಥವಾ ಅವುಗಳ ಫಲವನ್ನೋ?

ಒಂದೇ ಒಂದು ನಿಯಮ ಹಿಡಿಯಿರಿ. ಎಷ್ಟು ಚಿಕ್ಕದಾದರೂ ಪರವಾಗಿಲ್ಲ. ಸ್ವಿಟ್ಜರ್ಲೆಂಡ್‌ನ ಟೋರ್ಬೆಲ್ ಅನ್ನೋ ಹಳ್ಳಿಯಲ್ಲಿ 1517ರ ಒಂದು ನಿಯಮ ಇತ್ತು: ಚಳಿಗಾಲದಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅದಕ್ಕಿಂತ ಜಾಸ್ತಿ ಹಸುಗಳನ್ನು ಬೇಸಿಗೆಯಲ್ಲಿ ಬೆಟ್ಟದ ಗೋಮಾಳಕ್ಕೆ ಕಳಿಸುವಂತಿಲ್ಲ. ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಅಲ್ಲಿ ಕೆಲಸ ಮಾಡಿ ಬರೆದದ್ದನ್ನು ಆಸ್ಟ್ರಮ್ 1990ರ ತಮ್ಮ ಪುಸ್ತಕಕ್ಕೆ ತಂದುಕೊಂಡರು. ಈ ನಿಯಮದ ಜಾಣತನ ನೋಡಿ. ಬೆಟ್ಟದ ಹುಲ್ಲು ಅಳೆಯಬೇಕಿಲ್ಲ. ಒಬ್ಬನ ಚಳಿಗಾಲದ ಮೇವು ಎಷ್ಟು ಅಂತ ಅಕ್ಕಪಕ್ಕದವರಿಗೆ ಗೊತ್ತೇ ಇರುತ್ತದೆ. ಬೇಸಿಗೆಗೆ ಮಾತ್ರ ಹೊರಗಿನಿಂದ ಹಸು ತಂದು ಮೇಯಿಸಿ ಮಾರುವ ಆಸೆಗೆ ಅಲ್ಲೇ ಕಡಿವಾಣ. ಎಲ್ಲರಿಗೂ ಸೇರಿದ ಗೋಮಾಳ ಹಾಳಾಗಿಯೇ ತೀರುತ್ತದೆ ಅಂತ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದಾಗ ಇಂಥ ನಿಯಮಗಳು ಅವರ ಲೆಕ್ಕದಲ್ಲೇ ಇರಲಿಲ್ಲ. ಆಸ್ಟ್ರಮ್ ಗೆದ್ದವರ ಕಥೆ ಮಾತ್ರ ಹೇಳಲಿಲ್ಲ. ಟರ್ಕಿಯ ಮೀನುಗಾರಿಕೆ, ಶ್ರೀಲಂಕಾದ ನೀರಾವರಿ, ಹೀಗೆ ಸೋತ ಉದಾಹರಣೆಗಳಿಗೂ ಒಂದು ಅಧ್ಯಾಯ ಕೊಟ್ಟಿದ್ದಾರೆ. ಅದನ್ನು ಬಿಟ್ಟು ಓದಬೇಡಿ.

ಕೆಲಸದ ಬಗ್ಗೆ ಕೇಳುತ್ತೀರಿ, ಗೊತ್ತು. ನೀತಿ ಸಂಶೋಧನೆ, ಸ್ಪರ್ಧಾ ಕಾನೂನು, ನಿಯಂತ್ರಣ ಪ್ರಾಧಿಕಾರಗಳು, ಅಭಿವೃದ್ಧಿ ಬ್ಯಾಂಕುಗಳು, ಪಿಎಚ್‌ಡಿ. ಡೇಟಾ ಕೆಲಸ ಚೆನ್ನಾಗಿ ಬಂದರೆ ಬಾಗಿಲು ಜಾಸ್ತಿ, ಬರದಿದ್ದರೆ ಕಮ್ಮಿ. ಎಲ್ಲ ಅರ್ಥಶಾಸ್ತ್ರ ಮಾಸ್ಟರ್ಸ್‌ಗೂ ಇದೇ ಕಥೆ.

ಗೈಡ್ ಹತ್ತಿರ ಹೋದಾಗ "ವಿಷಯ ಬಹಳ ಚಿಕ್ಕದಾಯ್ತು" ಅಂದರೆ ಹೆದರಬೇಡಿ, ನಿಯಮ ಬದಲಾದ ತಾರೀಖು, ಅದು ಯಾರಿಗೆ ಅನ್ವಯ ಆಯಿತು, ಯಾರಿಗೆ ಆಗಲಿಲ್ಲ, ದಾಖಲೆ ಎಲ್ಲಿದೆ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಆ ಹಾಳೆ ತುಂಬಿದರೆ ಚಿಕ್ಕದು ಅನ್ನೋ ಮಾತು ತಾನಾಗೇ ನಿಲ್ಲುತ್ತದೆ. ದಾಖಲೆ ಎಲ್ಲಿದೆ ಅನ್ನೋ ಜಾಗ ಖಾಲಿ ಉಳಿದರೆ, ವಿಷಯ ಎಷ್ಟೇ ಇಷ್ಟವಾಗಿದ್ದರೂ, ಆ ಸೆಮಿಸ್ಟರ್‌ನಲ್ಲೇ ಬೇರೆಯದು ಹುಡುಕಿ.