ಉಷ್ಣ ಎಂದು ಅಮ್ಮ ಮುಚ್ಚಿಟ್ಟ ರಕ್ತ

ಅಮ್ಮನ ಹಿಮೋಗ್ಲೋಬಿನ್ 8.2 ಎಂದು ವರದಿ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಹೆದರಲಿಲ್ಲ. ಹೆಂಗಸರಿಗೆ ರಕ್ತ ಕಡಿಮೆ ಇರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಕಬ್ಬಿಣಾಂಶದ ಮಾತ್ರೆ ಬಂತು, ಖರ್ಜೂರ ಬಂತು, ವಾರಕ್ಕೆ ಮೂರು ಸಲ ಬೀಟ್‌ರೂಟ್ ಪಲ್ಯವಾಯಿತು. ಅಮ್ಮನಿಗೆ ಆಗ 61 ವರ್ಷ, ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಹಾಗಿದ್ದ ಮೇಲೆ ಈ ರಕ್ತ ಹೋಗುತ್ತಿರುವುದಾದರೂ ಎಲ್ಲಿಗೆ ಎಂದು ಮಾತ್ರೆ ಬರೆದುಕೊಟ್ಟವರೂ ಕೇಳಲಿಲ್ಲ, ತಂದುಕೊಟ್ಟ ನಾನೂ ಕೇಳಲಿಲ್ಲ.

ಉತ್ತರ ಅಮ್ಮನಿಗೆ ಗೊತ್ತಿತ್ತು. ಎರಡು ವರ್ಷದಿಂದ ಮಲದ ಜೊತೆ ರಕ್ತ ಬೀಳುತ್ತಿತ್ತು, ಕೆಲವು ದಿನ ಬರೀ ಲೋಳೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಒಳಲಂಗವನ್ನು ತಣ್ಣೀರಿಗೆ ಹಾಕಿ ಉಜ್ಜುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಕೇಳಿದರೆ, “ಏನೂ ಇಲ್ಲ ಬಿಡೇ, ಉಷ್ಣ ಆಗಿದೆ. ಮೂಲವ್ಯಾಧಿ ಇರಬೇಕು, ನಿಮ್ಮಜ್ಜಿಗೂ ಇತ್ತು” ಎಂದಳು. ಸುವರ್ಣಗೆಡ್ಡೆಯ ಪಲ್ಯ, ನೆನೆಸಿದ ಮೆಂತ್ಯ, ಮುಟ್ಟಿದರೆ ಮುನಿ ಸೊಪ್ಪಿನ ಕಷಾಯ, ಎಲ್ಲವನ್ನೂ ಯಾರಿಗೂ ಹೇಳದೆ ಮಾಡಿಕೊಂಡು ಕುಡಿದಿದ್ದಳು.

ಮೂಲವ್ಯಾಧಿ ಎಂಬ ಪದದ ಮೇಲೆ ನನಗೆ ಈಗ ಸಿಟ್ಟಿದೆ. ಕಾಯಿಲೆ ಸುಳ್ಳೆಂದಲ್ಲ, ರಕ್ತ ಬೀಳುವವರಲ್ಲಿ ಬಹಳ ಮಂದಿಗೆ ಇರುವುದು ಅದೇ. ಸಿಟ್ಟು ಬರುವುದು ಆ ಪದ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಪ್ರಶ್ನೆ ನಿಲ್ಲಿಸಿಬಿಡುತ್ತಾರಲ್ಲ, ಅದಕ್ಕೆ. ಬಸ್ ನಿಲ್ದಾಣದ ಗೋಡೆಯ ಮೇಲೆ ಅದರ ಜಾಹೀರಾತು, ಔಷಧಿ ಅಂಗಡಿಯಲ್ಲಿ ಕೇಳಿದ ತಕ್ಷಣ ಮುಲಾಮು. ನಾವು ಮೊದಲು ಹೋದ ದವಾಖಾನೆಯಲ್ಲೂ ಅಮ್ಮನನ್ನು ಮಂಚದ ಮೇಲೆ ಮಲಗಿಸಿ ನೋಡಲಿಲ್ಲ. ಕುರ್ಚಿಯಲ್ಲಿ ಕುಳಿತಲ್ಲಿಗೇ ಚೀಟಿ ಬಂತು, ಹದಿನೈದು ದಿನದ ಮಾತ್ರೆ.

ಎರಡನೆಯ ಕಡೆ ಸಿಕ್ಕವರು ಒಬ್ಬ ಮಹಿಳಾ ಶಸ್ತ್ರಚಿಕಿತ್ಸಕರು. “ಅಮ್ಮಾ, ಎಡಕ್ಕೆ ತಿರುಗಿ ಮಲಗಿ, ಒಂದು ನಿಮಿಷ ಅಷ್ಟೇ” ಎಂದು ಕೈಗವಸು ಹಾಕಿಕೊಂಡು ಬೆರಳಿನಿಂದ ಪರೀಕ್ಷಿಸಿದರು. ನಿಜಕ್ಕೂ ಒಂದೇ ನಿಮಿಷ. “ಮೆತ್ತಗಿನ ಗಂಟೊಂದು ಸಿಗುತ್ತಿದೆ, ಇದು ಪೈಲ್ಸ್ ಅಲ್ಲ, ಕ್ಯಾಮೆರಾ ಹಾಕಿ ನೋಡಬೇಕು” ಎಂದರು. ಎರಡು ವರ್ಷದ ಊಹೆಗೆ ಒಂದು ಬೆರಳು ಉತ್ತರ ಹೇಳಿತು.

ಅದು ಪಾಲಿಪ್. ಕರುಳಿನ ಒಳಪದರದಲ್ಲಿ ಮೂಡುವ ಮಾಂಸದ ಮೊಳಕೆ. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿರುತ್ತವೆ. ದೊಡ್ಡ ಕರುಳಿನ ಕೊನೆಯ ಸುಮಾರು 15 ಸೆಂಟಿಮೀಟರ್ ಗುದನಾಳ. ಅಮ್ಮನದು ಅಲ್ಲಿತ್ತು, ಬೆರಳಿಗೆ ಎಟಕುವಷ್ಟು ಕೆಳಗೆ. ಎಲ್ಲ ಪಾಲಿಪ್‌ಗಳೂ ಕೆಟ್ಟವಲ್ಲ. ಚಿಕ್ಕ ಮಕ್ಕಳಲ್ಲಿ ನೋವಿಲ್ಲದೆ ರಕ್ತ ಬಿದ್ದರೆ ಬಹಳ ಸಲ ಸಿಗುವುದು ಒಂದೇ ಒಂದು ನಿರುಪದ್ರವಿ ಪಾಲಿಪ್, ತೆಗೆದರೆ ಮುಗಿಯಿತು. ದೊಡ್ಡವರಲ್ಲಿ ಕಣ್ಣಿಡಬೇಕಾದದ್ದು ಅಡಿನೋಮಾ ಎಂಬ ಜಾತಿಯ ಮೇಲೆ. ಅದರಲ್ಲೂ ಬಹುಪಾಲು ಕ್ಯಾನ್ಸರ್ ಆಗುವುದಿಲ್ಲ. ಆದರೆ ಗುದನಾಳದ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಇಂಥದ್ದರಿಂದಲೇ, ಅದೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ನಿಧಾನವಾಗಿ. 1 ಸೆಂಟಿಮೀಟರ್ ದಾಟಿದ್ದಕ್ಕೆ ಅಪಾಯ ಹೆಚ್ಚು. ಅಮ್ಮನದು ಎರಡೂವರೆ ಸೆಂಟಿಮೀಟರ್ ಇತ್ತು.

ಆ ಹತ್ತು ವರ್ಷವನ್ನು ನಾನು ದೊಡ್ಡ ಕರುಣೆ ಎಂದೇ ಭಾವಿಸುತ್ತೇನೆ. ಕ್ಯಾನ್ಸರ್ ಆಗುವ ಮೊದಲೇ ಅದನ್ನು ಕಿತ್ತು ಹಾಕಲು ಇಷ್ಟು ಕಾಲಾವಕಾಶ ಕೊಡುವ ಜಾಗಗಳು ದೇಹದಲ್ಲಿ ಹೆಚ್ಚಿಲ್ಲ. ಅದನ್ನು ನಾವು ನಾಚಿಕೆಯಲ್ಲಿ ಕಳೆಯುತ್ತೇವೆ.

ಎಲ್ಲರೂ ಹೆದರುವುದು ಗುದದ್ವಾರದ ಮೂಲಕ ಕ್ಯಾಮೆರಾ ಹಾಕಿ ಕರುಳನ್ನು ನೋಡುವ ಕೊಲೊನೋಸ್ಕೋಪಿಗೆ, ನಿಜವಾದ ಕಷ್ಟ ಇರುವುದು ಅದರ ಹಿಂದಿನ ರಾತ್ರಿ. ಎರಡು ದಿನ ಮೊದಲೇ ರಾಗಿ, ಸೊಪ್ಪು, ಬೀಜವಿರುವ ಟೊಮೆಟೊ ನಿಲ್ಲಿಸಿ ಬಿಳಿ ಅನ್ನ, ತಿಳಿಸಾರು. ಪರೀಕ್ಷೆಯ ಹಿಂದಿನ ದಿನ ಗಟ್ಟಿ ಆಹಾರವೇ ಇಲ್ಲ. ಎಳನೀರು, ಸೋಸಿದ ನಿಂಬೆ ಪಾನಕ. ಸಂಜೆ 2 ಲೀಟರ್ ನೀರಿಗೆ ಕರುಳು ತೊಳೆಯುವ ಪುಡಿ ಬೆರೆಸಿ, ಅರ್ಧ ಆಗ, ಉಳಿದರ್ಧ ಬೆಳಗಿನ ಜಾವ. ಉಪ್ಪುಪ್ಪಾದ, ಜಿಗುಟಾದ ನೀರು. ಅಮ್ಮ ಪ್ರತಿ ಲೋಟಕ್ಕೂ ಮುಖ ಗಂಟಿಕ್ಕುತ್ತಿದ್ದಳು. ನಾನು ಸ್ಟೀಲ್ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದೆ. ಬಚ್ಚಲಿನ ದೀಪ ಆ ರಾತ್ರಿ ಆರಲೇ ಇಲ್ಲ. ಕೊನೆಗೆ ಹೋದದ್ದು ತಿಳಿ ಹಳದಿ ನೀರಿನಂತಿದ್ದರೆ ಕರುಳು ಸಿದ್ಧ ಎಂದರ್ಥ. ಈ ಸಿದ್ಧತೆಯಲ್ಲಿ ಅರೆಮನಸ್ಸು ಮಾಡಿದರೆ ಚಿಕ್ಕ ಪಾಲಿಪ್‌ಗಳು ಕೊಳೆಯ ಹಿಂದೆ ಮರೆಯಾಗುತ್ತವೆ, ಹಾಗಾಗಿ ಕಷ್ಟವಾದರೂ ಪೂರ್ತಿ ಕುಡಿಯಿರಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮುಂಚೆಯೇ ಹೇಳಬೇಕು. ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಪಾಲಿಪ್ ತೆಗೆಯಲು ಹೊಟ್ಟೆ ಕೊಯ್ಯಲಿಲ್ಲ. ಮಂಪರಿನ ಔಷಧ ಕೊಟ್ಟರು. ಪಾಲಿಪ್‌ನ ಬುಡಕ್ಕೆ ನೀಲಿ ಬಣ್ಣ ಬೆರೆಸಿದ ಉಪ್ಪು ನೀರನ್ನು ಚುಚ್ಚಿದಾಗ ಅದು ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿ ಮೇಲೆದ್ದಿತಂತೆ. ವೈದ್ಯರು ಆಮೇಲೆ ಚಿತ್ರ ತೋರಿಸಿದರು. ಮೇಲೆದ್ದರೆ ಆಳಕ್ಕೆ ಬೇರು ಇಳಿದಿರುವ ಸಾಧ್ಯತೆ ಕಡಿಮೆ, ಕೆಳಗಿನ ಗೋಡೆಗೆ ಪೆಟ್ಟಾಗುವ ಅಪಾಯವೂ ಕಡಿಮೆ. ನಂತರ ತಂತಿಯ ಕುಣಿಕೆ ಹಾಕಿ, ಬಿಗಿದು, ವಿದ್ಯುತ್ ಹಾಯಿಸಿ ತುಂಡು ತುಂಡಾಗಿ ಕತ್ತರಿಸಿದರು. ಚಿಕ್ಕವಾದರೆ ವಿದ್ಯುತ್ತೂ ಬೇಡ, ಬರೀ ಕುಣಿಕೆ ಸಾಕು. ರಕ್ತಸ್ರಾವ, ಅಪರೂಪಕ್ಕೆ ಕರುಳಿನಲ್ಲಿ ತೂತು, ಈ ಅಪಾಯಗಳನ್ನು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಎರಡು ವಾರದವರೆಗೂ ರಕ್ತ ಬೀಳಬಹುದು, ಹೆಚ್ಚಾದರೆ ಕೂಡಲೇ ಬನ್ನಿ ಎಂದರು. ಬೀಳಲಿಲ್ಲ. ಮರುದಿನ ಅಮ್ಮ ಮನೆಯಲ್ಲಿ ಹೂ ಕಟ್ಟುತ್ತಿದ್ದಳು.

ಕುಣಿಕೆ ಹಾಕುವ ಈ ಕೆಲಸಕ್ಕೆ ದೊಡ್ಡ ಇತಿಹಾಸವೇನಿಲ್ಲ. 1969ರಲ್ಲಿ ನ್ಯೂಯಾರ್ಕ್‌ನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಕೊಲೊನೋಸ್ಕೋಪ್ ಮೂಲಕವೇ ಪಾಲಿಪ್ ತೆಗೆಯಲು ಆರಂಭಿಸುವವರೆಗೆ, ಕರುಳಿನ ಮೇಲ್ಭಾಗದಲ್ಲಿದ್ದುದನ್ನು ತೆಗೆಯಲು ಹೊಟ್ಟೆ ಸೀಳಲೇಬೇಕಿತ್ತು. ಅಡಿನೋಮಾ ತೆಗೆಸಿಕೊಂಡವರನ್ನು ಅಮೆರಿಕದಲ್ಲಿ ದೀರ್ಘಕಾಲ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಈ ಕ್ಯಾನ್ಸರ್‌ನಿಂದಾದ ಸಾವು ನಿರೀಕ್ಷಿತ ಪ್ರಮಾಣಕ್ಕಿಂತ 53% ಕಡಿಮೆ. ನಮ್ಮ ದೇಶದ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಕರುಳಿನದಿಲ್ಲ. ಎಲ್ಲರಿಗೂ ಕೊಲೊನೋಸ್ಕೋಪಿ ಮಾಡಿ ಎಂದು ನಾನು ಕೇಳುತ್ತಿಲ್ಲ. ರಕ್ತ ಬೀಳುತ್ತಿದೆ ಎಂದು ಬಂದವರನ್ನು, ಕಾರಣ ತಿಳಿಯದೆ ರಕ್ತಹೀನತೆ ಬಂದ ನಡುವಯಸ್ಸು ದಾಟಿದವರನ್ನು, ಮುಟ್ಟಿ ಪರೀಕ್ಷಿಸದೆ ಮೂಲವ್ಯಾಧಿಯ ಚೀಟಿ ಬರೆಯಬೇಡಿ ಎಂದು ವೈದ್ಯರನ್ನು ಕೇಳುತ್ತಿದ್ದೇನೆ. ನಮ್ಮವರಲ್ಲೂ ಒಂದು ಮಾತು: ಹೆಂಗಸರು ಪುರುಷ ವೈದ್ಯರ ಮುಂದೆ ಹೇಳಲು ಹಿಂಜರಿದರೆ ಮಹಿಳಾ ವೈದ್ಯರನ್ನು ಹುಡುಕಿಕೊಡಿ, ಜೊತೆಗೆ ಹೋಗಿ. ಮೈ ಪರೀಕ್ಷಿಸದೆ ಹೇಳಿದ ಕಾಯಿಲೆಯ ಹೆಸರನ್ನು ಒಪ್ಪಬೇಡಿ.

ಹತ್ತು ದಿನಕ್ಕೆ ಬಯಾಪ್ಸಿ ವರದಿ ಬಂತು. ಅಡಿನೋಮಾ, ಜೀವಕೋಶಗಳಲ್ಲಿ ಹೆಚ್ಚಿನ ಮಟ್ಟದ ಬದಲಾವಣೆ. ಕ್ಯಾನ್ಸರ್‌ನ ಹೊಸ್ತಿಲಲ್ಲಿ ನಿಂತಿತ್ತು, ಒಳಗೆ ಕಾಲಿಟ್ಟಿರಲಿಲ್ಲ. ಕ್ಯಾನ್ಸರ್ ಆಳಕ್ಕೆ ಇಳಿದಿದ್ದರೆ ಗುದನಾಳದ ಭಾಗವನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತಿತ್ತು ಎಂದು ವೈದ್ಯರು ಹೇಳಿದಾಗ ಅಮ್ಮ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತುಂಡು ತುಂಡಾಗಿ ತೆಗೆದದ್ದರಿಂದ ಆರು ತಿಂಗಳಿಗೆ ಮತ್ತೆ ನೋಡಬೇಕಿತ್ತು. ನೋಡಿದರು. ಪರದೆಯ ಮೇಲೆ ಗುಲಾಬಿ ಗೋಡೆಯ ನಡುವೆ ಬಿಳಿಯ ಸಣ್ಣ ಕಲೆ, ಬೇರೇನೂ ಇಲ್ಲ. ಹಿಮೋಗ್ಲೋಬಿನ್ ಈಗ 12.1.

ಹೆತ್ತವರಿಗೆ ಇಂಥ ಅಡಿನೋಮಾ ಇದ್ದರೆ ಮಕ್ಕಳೂ ನಲವತ್ತರ ಸುಮಾರಿಗೆ ಪರೀಕ್ಷಿಸಿಕೊಳ್ಳಬೇಕಂತೆ. ನನಗೆ 41. ಮುಂದಿನ ಗುರುವಾರ ನನ್ನ ಸರದಿ. ಅಮ್ಮ ಈಗಲೇ ಎಳನೀರಿಗೆ ಹೇಳಿಟ್ಟಿದ್ದಾಳೆ. ಬುಧವಾರ ರಾತ್ರಿ ಲೋಟ ಹಿಡಿದು ತಾನೇ ಪಕ್ಕದಲ್ಲಿ ಕೂರುತ್ತಾಳಂತೆ.